ಗೋರಂಟಿ ಎಂದರೆ ಯಾವ ಹೂವು? ಗಡಿಯೂರುಗಳ ಕಾಡುಹೂವುಗಳಿಗೆ ಹೆಸರು ಬಂದ ಬಗೆ

ಕಳೆದ ದೀಪಾವಳಿಯ ಹೊತ್ತಿಗೆ ಈ ಪುಟದಲ್ಲಿ ಹಳದಿ ಹೂವಿನ ಮುಳ್ಳುಗಿಡವೊಂದರ ಚಿತ್ರ ಪ್ರಕಟಿಸಿ, ಅಡಿಯಲ್ಲಿ ‘ಗೋರಂಟಿ’ ಎಂದು ಬರೆದಿದ್ದೆವು. ಚಿತ್ರ ಕಳುಹಿಸಿದವರು ಕಾಸರಗೋಡಿನ ಸದಸ್ಯರು. ಎರಡೇ ದಿನದಲ್ಲಿ ರಾಯದುರ್ಗದ ಕಡೆಯಿಂದ ಆಕ್ಷೇಪ ಬಂತು: ಗೋರಂಟಿ ಎಂದರೆ ಕೈಗೆ ಹಚ್ಚಿಕೊಳ್ಳುವ ಸೊಪ್ಪು, ಇದು ಯಾವುದೋ ಬೇಲಿಗಿಡ, ಸಂಘದವರೇ ಹೀಗೆ ತಪ್ಪು ಬರೆದರೆ ಮಕ್ಕಳು ಏನು ಕಲಿಯಬೇಕು ಎಂದು. ಕಾಸರಗೋಡಿನವರೂ ಸುಮ್ಮನಿರಲಿಲ್ಲ. ಕೈಗೆ ಹಚ್ಚುವುದು ಮದರಂಗಿ, ಗೋರಂಟೆ ಎಂದರೆ ನಮ್ಮಲ್ಲಿ ಹೂವೇ, ಅಜ್ಜಿಯ ಕಾಲದಿಂದಲೂ ಹಾಗೆಯೇ ಎಂದರು. ಸೊಲ್ಲಾಪುರದ ಸದಸ್ಯರೊಬ್ಬರು ನಡುವೆ ಬಂದು, ತಮ್ಮೂರಿನ ಮರಾಠಿಯಲ್ಲೂ ಆ ಮುಳ್ಳುಗಿಡವನ್ನು ಕೋರಾಂಟಿ ಎನ್ನುತ್ತಾರೆ ಎಂದು ತಿಳಿಸಿದರು. ತಿದ್ದುಪಡಿ ಹಾಕಿ ಎಂದು ಒಂದು ಕಡೆಯವರು, ಹಾಕಬೇಡಿ ಎಂದು ಇನ್ನೊಂದು ಕಡೆಯವರು. ತಿದ್ದಲು ಕುಳಿತಾಗ ತಪ್ಪು ಎಲ್ಲಿದೆ ಎಂಬುದೇ ನಮಗೆ ತಿಳಿಯಲಿಲ್ಲ. ಈ ಲೇಖನ ಆ ತಿದ್ದುಪಡಿಯ ಬದಲಿಗೆ.

ಚಿತ್ರದಲ್ಲಿದ್ದದ್ದು ಬಾರ್ಲೇರಿಯ ಎಂಬ ಕುಲದ ಗಿಡ. ಸಂಸ್ಕೃತದಲ್ಲಿ ಇದಕ್ಕೆ ಕುರಂಟಕ ಎಂಬ ಹೆಸರಿದೆ. ಮರಾಠಿಯ ಕೋರಾಂಟಿ, ಕರಾವಳಿಯ ಗೋರಂಟೆ ಆ ಬಳಗಕ್ಕೆ ಸೇರಿದ ಹೆಸರುಗಳು. ತೆಲುಗಿನಲ್ಲಿ ಗೋರಿಂಟ ಎಂದರೆ ಮದರಂಗಿ. ತೆಲುಗಿನಲ್ಲಿ ಉಗುರಿಗೆ ಗೋರು ಎನ್ನುತ್ತಾರೆ, ಉಗುರಿಗೆ ಬಣ್ಣ ಕಟ್ಟುವುದರಿಂದ ಗೋರಿಂಟ ಎಂದು ಅಲ್ಲಿನವರು ಅರ್ಥ ಹೇಳುತ್ತಾರೆ. ತೆಲುಗಿನ ನೆರೆಯಲ್ಲಿ ಬೆಳೆದ ಕನ್ನಡಕ್ಕೂ ಅದೇ ಗೋರಂಟಿ. ಸ್ವಾರಸ್ಯ ಏನೆಂದರೆ ಅದೇ ತೆಲುಗಿನಲ್ಲಿ ನಮ್ಮ ಚಿತ್ರದ ಗಿಡಕ್ಕೂ ಮುಳ್ಳ ಗೋರಿಂಟ ಎಂಬ ಹೆಸರಿದೆ. ಹೀಗಾಗಿ ರಾಯದುರ್ಗದವರು ಹೇಳಿದ್ದು ರಾಯದುರ್ಗದಲ್ಲಿ ಸರಿ, ಕಾಸರಗೋಡಿನವರು ಹೇಳಿದ್ದು ಕಾಸರಗೋಡಿನಲ್ಲಿ ಸರಿ. ತಪ್ಪಿದ್ದು ನಾವು: ಹೆಸರು ಬರೆದೆವು, ಅದು ಯಾವ ಊರಿನ ಹೆಸರು ಎಂದು ಬರೆಯಲಿಲ್ಲ.

ಹೆಸರಿಟ್ಟವರು ಯಾರು

ಕಾಡುಹೂವಿಗೆ ಹೆಸರಿಡುವ ಸಮಿತಿ ಯಾವ ಊರಿನಲ್ಲೂ ಇರಲಿಲ್ಲ. ದನ ಕಾಯುವವರು, ಕಳೆ ಕೀಳುವ ಹೆಂಗಸರು, ನಾಟಿ ವೈದ್ಯರು, ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳು, ಇವರಿಂದಲೇ ಹೆಚ್ಚಿನ ಹೆಸರುಗಳು ಬಂದವು. ಅವರಿಗೆ ಗಿಡಗಿಡವನ್ನೂ ಬೇರೆ ಮಾಡಿ ಗುರುತಿಸುವ ಹಂಗು ಇರಲಿಲ್ಲ. ಕಾಲಿಗೆ ಚುಚ್ಚುವುದು, ದನಕ್ಕೆ ಆಗದ್ದು, ಗಾಯಕ್ಕೆ ಆಗುವುದು, ದೇವರಿಗೆ ಏರುವುದು, ಇಷ್ಟು ಗೊತ್ತಾದರೆ ಸಾಕಿತ್ತು. ಆದ್ದರಿಂದಲೇ ಹೊಲದ ಅಂಚಿನ ಎಷ್ಟೋ ಚೆಂದದ ಹೂವುಗಳಿಗೆ ಹೆಸರೇ ಇಲ್ಲ. ಕಾಲಿಗೆ ನೆಟ್ಟು ನೋಯಿಸುವ ನೆಗ್ಗಿಲಿಗೆ ಮಾತ್ರ ಪ್ರತಿಯೊಂದು ಭಾಷೆಯಲ್ಲೂ ಹೆಸರಿದೆ. ತಮಿಳಿನಲ್ಲಿ ನೆರುಂಜಿ, ಮಲಯಾಳದಲ್ಲಿ ಞೆರಿಞ್ಞಿಲ್, ತೆಲುಗಿನಲ್ಲಿ ಪಲ್ಲೇರು, ಮರಾಠಿಯಲ್ಲಿ ಸರಾಟೆ ಅಥವಾ ಗೋಖರು. ಬರಿಗಾಲಿನಲ್ಲಿ ಹೊಲಕ್ಕೆ ಹೋದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳುವುದು ಹೆಸರಿಡುವ ಅತ್ಯಂತ ಸುಲಭದ ದಾರಿ. ಬಾಗಿದ ಬಾಲದಂತೆ ಸಣ್ಣ ಹೂಗಳನ್ನು ಸಾಲಾಗಿ ಬಿಡುವ ಗಿಡ ನಮಗೆ ಚೇಳುಕೊಂಡಿ, ತೆಲುಗಿನವರಿಗೆ ತೇಲುಕೊಂಡಿ, ತಮಿಳರಿಗೆ ತೇಳ್‌ಕೊಡುಕ್ಕು. ಮೂರು ಭಾಷೆಯವರೂ ಅದೇ ಚೇಳನ್ನು ಕಂಡಿದ್ದಾರೆ. ಆದರೆ ಎಲ್ಲ ಗಿಡಗಳಲ್ಲೂ ಹೀಗೆ ಒಮ್ಮತ ಇರುವುದಿಲ್ಲ. ಮುಟ್ಟಿದೊಡನೆ ಎಲೆ ಮಡಚುವ ಗಿಡವನ್ನೇ ನೋಡಿ. ಬಯಲುಸೀಮೆಯ ಕನ್ನಡದಲ್ಲಿ ಅದು ಮುಟ್ಟಿದರೆ ಮುನಿ, ಅಂದರೆ ಸಿಟ್ಟು ಮಾಡಿಕೊಂಡಿತು. ಕರಾವಳಿ ಮಲೆನಾಡಿನಲ್ಲಿ ನಾಚಿಕೆಮುಳ್ಳು. ಮರಾಠಿಯ ಲಾಜಾಳು ಕೂಡ ನಾಚಿಕೆಯೇ. ಮಲಯಾಳದ ತೊಟ್ಟಾವಾಡಿಯಲ್ಲಿ ಅದು ಮುಟ್ಟಿದರೆ ಬಾಡುತ್ತದೆ. ತಮಿಳಿನ ತೊಟ್ಟಾಲ್ ಸಿಣುಂಗಿಯಲ್ಲಿ ಮುಟ್ಟಿದರೆ ಮುಲುಗುತ್ತದೆ, ಕಂಕುಳಲ್ಲಿನ ಕೂಸಿನ ಹಾಗೆ. ಈ ಗಿಡ ಇಲ್ಲಿನದೇ ಅಲ್ಲ, ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದದ್ದು. ಬಂದ ಮೇಲೆ ಪ್ರತಿಯೊಂದು ಭಾಷೆಯವರೂ ಅದನ್ನು ಒಮ್ಮೆ ಮುಟ್ಟಿ ನೋಡಿ ತಮಗೆ ತೋಚಿದ ಹೆಸರು ಕೊಟ್ಟಿದ್ದಾರೆ.

ಇನ್ನೊಂದು ದಾರಿ, ಗೊತ್ತಿರುವ ಹೆಸರಿನ ಮುಂದೆ ಒಂದು ಮಾತು ಸೇರಿಸುವುದು. ದೊಡ್ಡದಾದರೆ ಆನೆ. ನೆಗ್ಗಿಲಿಗಿಂತ ದಪ್ಪ ಕಾಯಿಯ, ಹಳದಿ ಹೂವಿನ ಗಿಡ ಆನೆನೆಗ್ಗಿಲು. ತಮಿಳಿನಲ್ಲಿ ಆನೈನೆರುಂಜಿ, ತೆಲುಗಿನಲ್ಲಿ ಏನುಗು ಪಲ್ಲೇರು. ನೆಲಕ್ಕೆ ಹತ್ತಿರವಾದರೆ ನೆಲನೆಲ್ಲಿ. ತೆಲುಗಿನ ನೇಲ ಉಸಿರಿ, ಮರಾಠಿಯ ಭುಯಿ ಆವಳಿ ಕೂಡ ಅದೇ ಮಾತು. ನೋಡಲು ಹಾಗೇ ಇದ್ದು ಉಪಯೋಗಕ್ಕೆ ಬಾರದಿದ್ದರೆ ಪಾಪ, ಬೈಗುಳ ನಾಯಿಗೆ. ಸಾಸಿವೆಯಂಥ ಬೀಜ ಬಿಡುವ ಹಳದಿ ಹೂವಿನ ಕಳೆಗಿಡ ಕನ್ನಡದಲ್ಲಿ ನಾಯಿಸಾಸಿವೆ, ತಮಿಳಿನಲ್ಲಿ ನಾಯ್‌ಕಡುಗು, ತೆಲುಗಿನಲ್ಲಿ ಕುಕ್ಕ ವಾಮಿಂಟ. ದೂರದಿಂದ ಬಂದದ್ದಾದರೆ ಸೀಮೆ ಅಥವಾ ಕಾಶಿ. ಈ ಕಾಶಿಯ ವಿಚಾರಕ್ಕೆ ಮುಂದೆ ಬರುತ್ತೇವೆ.

ತುಂಬೆಯಂಥ ಹೆಸರುಗಳ ಜಾತಿಯೇ ಬೇರೆ. ತಮಿಳಿನಲ್ಲಿ ತುಂಬೈ, ಮಲಯಾಳದಲ್ಲಿ ತುಂಬ, ತೆಲುಗಿನಲ್ಲಿ ತುಮ್ಮಿ, ತುಳುವಿನಲ್ಲಿ ತುಂಬೆಯೇ. ಇದನ್ನು ಒಬ್ಬರು ಇನ್ನೊಬ್ಬರಿಂದ ಕಡ ತಂದಂತೆ ಕಾಣುವುದಿಲ್ಲ. ಒಂದೇ ಮನೆಯ ಮಾತು ಬೇರೆ ಬೇರೆ ಮನೆಗಳಲ್ಲಿ ಉಳಿದುಕೊಂಡಿದೆ. ಕಾಸರಗೋಡು, ವಯನಾಡಿನ ನಮ್ಮ ಮಕ್ಕಳು ಓಣಂ ಹೂವಿನ ರಂಗೋಲಿಗೆ ತುಂಬ ಕೊಯ್ಯುವಾಗ, ಅದು ಅಜ್ಜಿ ಶಿವನಿಗೆ ಏರಿಸುವ ತುಂಬೆಯೇ ಎಂದು ಹೇಳಿಕೊಡಲು ಕಷ್ಟಪಡಬೇಕಾಗಿಲ್ಲ.

ಒಂದು ಗಿಡ, ಮೂರು ಗಡಿ

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಹೆಸರಿನಿಂದ ಬಲ್ಲ ಹೂವು ಒಂದಿದೆ. ಒಣನೆಲದಲ್ಲಿ, ರಸ್ತೆಯ ಬದಿಯಲ್ಲಿ, ದನವೂ ಹೆಚ್ಚಾಗಿ ಬಾಯಿ ಹಾಕದೆ ಬಿಡುವ ಪೊದೆ. ಚಿನ್ನದ ಬಣ್ಣದ ಹೂಗೊಂಚಲು. ತಾಳವಾಡಿ, ಹೊಸೂರಿನ ಕಡೆ ಕೇಳಿದರೆ ಆವರಿಕೆ ಎನ್ನುತ್ತಾರೆ, ತಮಿಳಿನ ಆವಾರೈಗೆ ಒಡಹುಟ್ಟಿದ ಹೆಸರು. ಆದವಾನಿ, ಮಡಕಶಿರಾ, ತೆಲಂಗಾಣದ ಪಶ್ಚಿಮದ ಊರುಗಳಲ್ಲಿ ತಂಗಡಿ, ತೆಲುಗಿನ ತಂಗೇಡು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ತರವಡ, ಮರಾಠಿಯಲ್ಲೂ ಅದೇ. ಮೂರೂ ಕನ್ನಡದ ಗಿಡನಾಮಗಳ ಪಟ್ಟಿಗಳಲ್ಲಿ ಸಿಗುತ್ತವೆ. ಇವುಗಳ ಜೊತೆಗೆ ಹೊನ್ನಾವರಿಕೆ ಎಂಬ ಇನ್ನೊಂದು ಹೆಸರೂ ಉಂಟು. ಬಣ್ಣ ನೋಡಿದವರಿಗೆ ಹೊನ್ನು ಏಕೆಂದು ತಿಳಿಯುತ್ತದೆ. ಮಳೆ ಹೆಚ್ಚಿರುವ ಕರಾವಳಿಯ ಸದಸ್ಯರಿಗೆ ಮಾತ್ರ ಈ ಗಿಡ ಅಷ್ಟಾಗಿ ಪರಿಚಯವಿರಲಾರದು.

ಹೆಸರು ಬೇರೆಯಾದಂತೆ ಹೂವಿನ ಕೆಲಸವೂ ಬೇರೆ. ತಾಳವಾಡಿ ಸೇರಿರುವ ಈರೋಡು ಜಿಲ್ಲೆ ಮತ್ತು ಸುತ್ತಲಿನ ಕೊಂಗುನಾಡಿನಲ್ಲಿ ಪೊಂಗಲ್ ಹಿಂದಿನ ದಿನ ಬೇವಿನ ಸೊಪ್ಪು, ಪೂಳೈ ಹೂವಿನ ಜೊತೆ ಆವಾರಂಪೂ ಸೇರಿಸಿ ಮನೆಗೆ ಕಾಪು ಕಟ್ಟುತ್ತಾರೆ. ತೆಲಂಗಾಣದಲ್ಲಿ ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುವ ಬತುಕಮ್ಮ ಹಬ್ಬದಲ್ಲಿ ತಂಗೇಡು, ಗುನುಗು ಹೂಗಳನ್ನು ಸುತ್ತಾಗಿ ಜೋಡಿಸಿ ಗೋಪುರ ಏರಿಸುತ್ತಾರೆ. 2014ರಲ್ಲಿ ಹೊಸ ರಾಜ್ಯವಾದ ವರ್ಷವೇ ತಂಗೇಡು ತೆಲಂಗಾಣದ ರಾಜ್ಯಪುಷ್ಪವಾಯಿತು. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಒಂದು ಕಾಲದಲ್ಲಿ ಊರ ಹೊರಗಿನ ಈ ಪೊದೆಗೆ ಬೆಲೆ ಬಂದದ್ದು ಹೂವಿನಿಂದಲ್ಲ, ಆ ತೊಗಟೆಯಿಂದ. ಸಸ್ಯಶಾಸ್ತ್ರಜ್ಞರು ಹೂವನ್ನೂ ತೊಗಟೆಯನ್ನೂ ಬಿಟ್ಟು ಎಲೆಯ ಬುಡದಲ್ಲಿ ಕಿವಿಯಂತೆ ಅಗಲವಾಗಿರುವ ಪುಟ್ಟ ಭಾಗವನ್ನು ಗಮನಿಸಿ ‘ಕಿವಿಯುಳ್ಳದ್ದು’ ಎಂಬ ಅರ್ಥದಲ್ಲಿ ಆರಿಕ್ಯುಲೇಟ ಎಂದು ಕರೆದರು. ಹೀಗೆ ಕಿವಿ ನೋಡಿ ಹೆಸರಿಟ್ಟದ್ದು ತಮಾಷೆಯಾಗಿ ಕಂಡರೂ, ಗಿಡ ಗುರುತಿಸಲು ನಿಜಕ್ಕೂ ಉಪಯೋಗಕ್ಕೆ ಬರುವ ಹೆಸರು ಅದು. ಹೂವಿಲ್ಲದ ಕಾಲದಲ್ಲೂ ಕಿವಿ ಇರುತ್ತದೆ.

ಹೊರಗಿನಿಂದ ಬಂದವು

ಈಗ ಕಾಶಿಯ ವಿಚಾರ. ಗುಲಾಬಿ ಅಥವಾ ಬಿಳಿ ಬಣ್ಣದ, ಐದು ಎಸಳಿನ, ವರ್ಷವಿಡೀ ಹೂ ಬಿಡುವ ಕಾಶಿಕಣಗಿಲೆ ಕಾಶಿಯಿಂದ ಬಂದದ್ದಲ್ಲ, ಮಡಗಾಸ್ಕರ್ ದ್ವೀಪದ ಮೂಲದ್ದು. ದೂರದ್ದೆಲ್ಲ ಕಾಶಿಯದ್ದು ಎಂಬ ಲೆಕ್ಕದಲ್ಲಿ ಹೆಸರು ಬಿದ್ದಿದೆ. ತಮಿಳರು ಇದೇ ರೀತಿ ಕರ್ಣಕುಂಡಲದ ಹೂವನ್ನು ಕಾಶಿತುಂಬೈ ಎನ್ನುತ್ತಾರೆ. ಕಾಶಿಕಣಗಿಲೆಗೆ ಮರಾಠಿಯಲ್ಲಿ ಸದಾಫುಲಿ, ನಮ್ಮಲ್ಲೂ ನಿತ್ಯಪುಷ್ಪ. ತಮಿಳಿನಲ್ಲಿ ನಿತ್ಯಕಲ್ಯಾಣಿ. ಆದರೆ ಅದೇ ತಮಿಳಿನಲ್ಲಿ ಅದೇ ಹೂವಿಗೆ ಸುಡುಕಾಟ್ಟು ಮಲ್ಲಿ, ಅಂದರೆ ಸುಡುಗಾಡಿನ ಮಲ್ಲಿಗೆ ಎಂಬ ಹೆಸರೂ ಇದೆ. ಮಲಯಾಳದಲ್ಲಿ ಶವಕ್ಕೋಟ್ಟಪ್ಪಚ್ಚ, ಸಮಾಧಿಯ ಬಳಿಯ ಹಸಿರು. ನೀರು ಹಾಕುವವರಿಲ್ಲದ ಕಡೆಯೂ ಬೆಳೆದು ಹೂ ಬಿಡುವ ಗುಣವೇ ಎರಡೂ ಹೆಸರಿಗೆ ಕಾರಣ. ಒಬ್ಬರು ಅದರ ನಿತ್ಯವನ್ನು ನೋಡಿದರು, ಇನ್ನೊಬ್ಬರು ಅದು ನಿಂತ ಜಾಗವನ್ನು ನೋಡಿದರು. ಹೊಸೂರಿನ ಕಡೆ ಒಂದೇ ಬೀದಿಯಲ್ಲಿ ಒಂದು ಮನೆಯವರು ಇದನ್ನು ಅಂಗಳದಲ್ಲಿ ಬೆಳೆಸುವುದು, ಎದುರು ಮನೆಯವರು ಕಿತ್ತೆಸೆಯುವುದು ಆಶ್ಚರ್ಯವಲ್ಲ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಔಷಧಗಳು ಮೊದಲು ಸಿಕ್ಕಿದ್ದು ಈ ಗಿಡದಿಂದಲೇ. ಹಾಗೆಂದು ಮನೆಯಲ್ಲಿ ಎಲೆ ಅರೆದು ಕುಡಿಯುವುದು ಅಪಾಯ.

ಇನ್ನು ಎರಡು ಕಳೆಗಿಡಗಳು. ಸೊಲ್ಲಾಪುರದಿಂದ ರಾಯದುರ್ಗದವರೆಗೆ ಹೊಲ ತುಂಬಿರುವ ಪಾರ್ಥೇನಿಯಂ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ತಲೆಯ ಮೇಲಿನ ಬಿಳಿ ಹೂ ಬಿಳಿ ಟೊಪ್ಪಿಗೆಯಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ. ಭಾರತದಲ್ಲಿ ಇದು ಹರಡುತ್ತಿರುವುದನ್ನು ಪುಣೆಯಲ್ಲಿ ಗುರುತಿಸಿದ್ದು 1950ರ ದಶಕದ ನಡುವಿನಲ್ಲಿ. ಮರಾಠಿಯಲ್ಲಿ ಗಾಜರ ಗವತ, ಎಲೆ ಗಜ್ಜರಿಯ ಎಲೆಯಂತಿದೆಯಲ್ಲ. ತೆಲುಗಿನವರು ವಯ್ಯಾರಿಭಾಮ ಎಂದು ಕರೆದು ಬಿಟ್ಟಿದ್ದಾರೆ. ಅತ್ತ ಕಾಸರಗೋಡಿನ ಗುಡ್ಡಗಳನ್ನು ಮುಚ್ಚಿರುವ ಇನ್ನೊಂದು ಅಮೆರಿಕದ ಕಳೆಗೆ ಮಲಯಾಳದಲ್ಲಿ ಕಮ್ಯುನಿಸ್ಟ್ ಪಚ್ಚ ಎಂಬ ಹೆಸರು, ಚಳವಳಿ ಹರಡಿದ ಕಾಲದಲ್ಲೇ ಅದೂ ಹರಡಿತು ಎಂದು ಹೇಳುತ್ತಾರೆ. ಎರಡು ಪಕ್ಷಗಳನ್ನೂ ಸಮನಾಗಿ ಹೆಸರಿಸಿದ್ದೇವಾದ್ದರಿಂದ ಯಾವ ಸದಸ್ಯರೂ ಬೇಸರಿಸಬಾರದು. ಅಮೆರಿಕದಿಂದ ಬಂದು ನಮ್ಮದೇ ಆಗಿಹೋದ ಗಿಡಗಳ ಬಗ್ಗೆ ಹೆಚ್ಚು ತಿಳಿಯಬಯಸುವವರು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಬಹುದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದ ಸ್ವಾಮಿಯವರು ಗಡಿಯಾಚೆ ಇದ್ದುಕೊಂಡೇ ಕನ್ನಡಕ್ಕೆ ಗಿಡಮರಗಳ ಸಾಹಿತ್ಯ ಕೊಟ್ಟವರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೆಸರು ತಪ್ಪಿದರೆ

ಗೋರಂಟಿಯ ಜಗಳದಲ್ಲಿ ಯಾರಿಗೂ ಏನೂ ಆಗಲಿಲ್ಲ. ಎಲ್ಲ ಹೆಸರುಗಳೂ ಅಷ್ಟು ನಿರಪಾಯವಲ್ಲ. ಹಲವು ಮನೆಗಳಲ್ಲಿ ಅಜ್ಜ ಅಜ್ಜಿಯರ ಮನೆಮದ್ದಿನ ಪುಸ್ತಕಗಳಿವೆ. ಅವುಗಳಲ್ಲಿ ಗಿಡದ ಹೆಸರಿದೆ, ಚಿತ್ರವಿಲ್ಲ. ಬರೆದವರ ಊರು ಒಂದು, ಇಂದು ಓದುವವರ ಊರು ಇನ್ನೊಂದು.

ಶಂಖಪುಷ್ಪಿ ಇದಕ್ಕೆ ಒಳ್ಳೆಯ ಉದಾಹರಣೆ. ಕೇರಳದಲ್ಲಿ, ನಮ್ಮಲ್ಲೂ ಹಲವು ಕಡೆ, ಬೇಲಿಗೆ ಹಬ್ಬುವ ನೀಲಿ ಹೂವಿನ ಬಳ್ಳಿ ಶಂಖಪುಷ್ಪ. ಮರಾಠಿಯಲ್ಲಿ ಅದು ಗೋಕರ್ಣ. ಉತ್ತರ ಭಾರತದ ವೈದ್ಯರು ಶಂಖಪುಷ್ಪಿ ಎನ್ನುವುದು ನೆಲದ ಮೇಲೆ ಹರಡುವ ಬೇರೆಯೇ ಒಂದು ಗಿಡವನ್ನು. ವಿಷ್ಣುಕ್ರಾಂತಿಯನ್ನು ಆ ಹೆಸರಿನಲ್ಲಿ ಬಳಸುವವರೂ ಇದ್ದಾರೆ. ಪುಸ್ತಕದಲ್ಲಿ ‘ಶಂಖಪುಷ್ಪಿ ಒಂದು ಹಿಡಿ’ ಎಂದಿದ್ದರೆ ಯಾವುದರ ಒಂದು ಹಿಡಿ?

ಅದಕ್ಕಿಂತ ಗಂಭೀರವಾದದ್ದು ಗೌರಿ ಹೂವು. ಮಲೆನಾಡಿನ ಕಡೆ ಈ ಹೆಸರು ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ತಿರುಗಿದ ಕೆಂಪು ಹಳದಿ ಎಸಳುಗಳ ಬಳ್ಳಿಹೂವಿಗೆ ಸಲ್ಲುತ್ತದೆ. ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಇದೇ ಅಗ್ನಿಶಿಖೆ. ತಮಿಳುನಾಡಿನ ರಾಜ್ಯಪುಷ್ಪ ಸೆಂಗಾಂದಳ್ ಕೂಡ ಇದೇ, ಅಲ್ಲಿ ಕಾರ್ತಿಕ ಮಾಸದಿಂದಾಗಿ ಕಾರ್ತಿಗೈಪ್ಪೂ ಎಂದೂ ಕರೆಯುತ್ತಾರೆ. ಇತರ ಕಡೆ ಗೌರಿ ಹೂವೆಂದರೆ ಕರ್ಣಕುಂಡಲ, ಮರಾಠಿಯ ತೇರಡಾ. ಕೊಂಕಣದಲ್ಲಿ ತೇರಡಾದ ಗಿಡವನ್ನೇ ಗೌರಿಯೆಂದು ಮನೆಗೆ ತರುವ ಪದ್ಧತಿಯಿದೆ. ಎರಡೂ ಹೂವು ಒಂದೇ ಹಬ್ಬಕ್ಕೆ ಅಂಟಿಕೊಂಡಿವೆ, ಹಾಗಾಗಿ ಹೆಸರು ಒಂದಾಯಿತು. ಆದರೆ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ಸ್ವಲ್ಪ ಹೊಟ್ಟೆಗೆ ಹೋದರೂ ಪ್ರಾಣ ಹೋಗಬಹುದು. ‘ಗೌರಿ ಹೂವು’ ಎಂಬ ಹೆಸರಿನಲ್ಲಿ ಈ ಎಚ್ಚರಿಕೆ ಎಲ್ಲಿಯೂ ಇಲ್ಲ. ನೆರೆಭಾಷೆಗಳಲ್ಲಿ ಇದೆ. ತೆಲುಗಿನವರು ಇದನ್ನು ಅಡವಿನಾಭಿ ಎಂದರು, ನಾಭಿ ಎಂದರೆ ಅವರಿಗೆ ವಿಷದ ಬೇರು. ಮರಾಠಿಯ ಕಳಲಾವಿ ಎಂದರೆ ಹೆರಿಗೆಯ ನೋವು ಬರಿಸುವುದು. ಹಿಂದೆ ಯಾವ ಅಪಾಯದ ಕೆಲಸಕ್ಕೆ ಇದನ್ನು ಬಳಸಿದ್ದರು ಎಂಬುದು ಆ ಒಂದು ಮಾತಿನಲ್ಲೇ ಇದೆ. ತಮಿಳಿನ ಕಲಪ್ಪೈ ಕಿಳಂಗು, ಸಂಸ್ಕೃತದ ಲಾಂಗಲಿ ಎರಡೂ ಗೆಡ್ಡೆಯ ನೇಗಿಲಿನಂಥ ಆಕಾರವನ್ನು ಹೇಳುತ್ತವೆ, ಅಗೆದಾಗ ಗುರುತು ಹಿಡಿಯಲು. ಗಡಿಯ ನ‌ಮಗೆ ನಾಲ್ಕು ಹೆಸರು ಕೇಳಿ ಬಂದರೆ, ಅವುಗಳಲ್ಲಿ ಒಂದು ಮಗುವಿನ ಜೀವ ಉಳಿಸಲೂ ಬಹುದು.

ಶಾಸ್ತ್ರದ ಹೆಸರು

ಹಾಗಾದರೆ ಎಲ್ಲರೂ ಲ್ಯಾಟಿನ್ ಹೆಸರನ್ನೇ ಬಳಸಬಾರದೇಕೆ ಎಂದು ಕಿರಿಯ ಸದಸ್ಯರು ಕೇಳುತ್ತಾರೆ. ಬಳಸಬೇಕು, ಮದ್ದಿನ ವಿಷಯದಲ್ಲಿ ಬಳಸಲೇಬೇಕು. ಲಿನೇಯಸ್ 1753ರಲ್ಲಿ ಎರಡು ಮಾತಿನ ಹೆಸರಿಡುವ ಪದ್ಧತಿಯನ್ನು ಎಲ್ಲ ಗಿಡಗಳಿಗೂ ಅನ್ವಯಿಸಿದ ಮೇಲೆ ಲೋಕದ ಯಾವ ಮೂಲೆಯವರೂ ಒಂದು ಗಿಡವನ್ನು ಒಂದೇ ಹೆಸರಿನಿಂದ ಗುರುತಿಸುವುದು ಸಾಧ್ಯವಾಯಿತು. ಆದರೆ ಆ ಹೆಸರುಗಳೂ ಕಲ್ಲಿನಲ್ಲಿ ಕೆತ್ತಿದವಲ್ಲ. ತಂಗಡಿಯನ್ನು ಲಿನೇಯಸ್ ಕ್ಯಾಸಿಯ ಎಂದಿದ್ದ, ಈಗ ಅದು ಸೆನ್ನಾ. ಕಾಶಿಕಣಗಿಲೆ ವಿಂಕ ಆಗಿತ್ತು, ಈಗ ಕ್ಯಾಥರಾಂಥಸ್. ನರ್ಸರಿಯವರು ಮಾತ್ರ ಇಂದಿಗೂ ವಿಂಕ ಎಂದೇ ಮಾರುತ್ತಾರೆ.

ಶಾಸ್ತ್ರದ ಹೆಸರಿಗೂ ಊರಿನ ಹೆಸರಿಗೂ ಇರುವ ನಂಟು ನಾವು ಎಣಿಸಿದ್ದಕ್ಕಿಂತ ಹತ್ತಿರದ್ದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಬರೆಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡಗಳನ್ನು ಗುರುತಿಸಿ ಹೆಸರು ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಮೂವರ ಹೇಳಿಕೆ ಕೊಂಕಣಿಯಲ್ಲೇ, ನಾಗರಿ ಲಿಪಿಯಲ್ಲಿ ಆ ಗ್ರಂಥದಲ್ಲಿದೆ. ಅಲ್ಲಿನ ಹಲವು ಹೆಸರುಗಳನ್ನು ಲಿನೇಯಸ್ ತನ್ನ ಪಟ್ಟಿಗೆ ತೆಗೆದುಕೊಂಡ. ನಾವು ಸಾರು ಮಾಡುವ ಬಸಳೆ ಲ್ಯಾಟಿನ್ನಿನಲ್ಲಿ ಬಸೆಲ್ಲ. ಬಿಳಿ ಹೂಗೊಂಚಲಿನ ಪಾವಟೆ ಪವೆಟ್ಟ.

ನೀಲಗಿರಿಯ ಸದಸ್ಯರು ಕುರಿಂಜಿಯ ಮಾತೇ ಇಲ್ಲವಲ್ಲ ಎನ್ನುವ ಮೊದಲು ಒಂದು ಮಾತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2006ರಲ್ಲಿ, ಮತ್ತೆ 2018ರಲ್ಲಿ ಅರಳಿತು. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳು ನೀಲಿಯಾದಾಗಲೂ ಪತ್ರಿಕೆಗಳು ಅದೇ ಹೆಸರು ಬರೆದವು. ಪಶ್ಚಿಮಘಟ್ಟದಲ್ಲಿ ಈ ಕುಲದ ಗಿಡಗಳು ಹಲವಾರು ಬಗೆಯವು, ಒಂದೊಂದರ ಲೆಕ್ಕ ಒಂದೊಂದು. ಮಲೆನಾಡು, ಕೊಡಗಿನ ಜನ ಇವುಗಳನ್ನು ಗುರ್ಗಿ, ಗುರಿಗೆ ಎನ್ನುತ್ತಿದ್ದರು. ನೀಲಕುರಿಂಜಿ ಎಂಬ ಪ್ರವಾಸಿಗರ ಹೆಸರಿನ ಮುಂದೆ ಗುರ್ಗಿ ಈಗ ಹೇಳುವವರಿಲ್ಲದ ಮಾತಾಗುತ್ತಿದೆ. ನಮ್ಮಲ್ಲೂ ಮಕ್ಕಳು ಶಾಲೆಯಲ್ಲಿ ಆಯಾ ರಾಜ್ಯದ ಭಾಷೆಯ ಹೆಸರು ಕಲಿಯುತ್ತಾರೆ, ಮೊಬೈಲಿನಲ್ಲಿ ಬೆಂಗಳೂರಿನ ಹೆಸರು ನೋಡುತ್ತಾರೆ. ಮನೆಯ ಹೆಸರು ಹೇಳಿಕೊಡುವವರು ಎಪ್ಪತ್ತು ದಾಟಿದವರು.

ಆದ್ದರಿಂದ ಇನ್ನು ಮುಂದೆ ಈ ಪುಟದಲ್ಲಿ ಯಾವ ಹೂವಿನ ಹೆಸರು ಬಂದರೂ ಅದು ಹೇಳಿದವರ ಊರಿನ ಹೆಸರಿನೊಂದಿಗೇ ಬರುತ್ತದೆ: ಗೋರಂಟೆ, ಕಾಸರಗೋಡು, ಗೋರಂಟಿ, ರಾಯದುರ್ಗ. ಸರಿ ತಪ್ಪು ನಾವು ಹೇಳುವುದಿಲ್ಲ. ಹೆಸರು ಕಳುಹಿಸುವ ಸದಸ್ಯರು ಹೂವು, ಎಲೆ, ಕಾಯಿ ಮೂರೂ ಕಾಣುವ ಚಿತ್ರ, ಊರು ಮತ್ತು ತಾಲ್ಲೂಕು, ಹೇಳಿದವರ ಅಂದಾಜು ವಯಸ್ಸು, ಆ ಊರಿನ ಇನ್ನೊಂದು ಭಾಷೆಯಲ್ಲಿ ಅದಕ್ಕೇನೆನ್ನುತ್ತಾರೆ ಎಂಬುದನ್ನು ಬರೆಯಿರಿ. ಹೆಸರನ್ನು ಮನೆಯಲ್ಲಿ ಆಡುವ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮದ್ದಿನ ಪ್ರಮಾಣಗಳನ್ನು ಮಾತ್ರ ನಾವು ಪ್ರಕಟಿಸುವುದಿಲ್ಲ. ಮಳೆಗಾಲ ಮುಗಿದು ಹೊಲದ ಬದುಗಳಲ್ಲಿ ಹೂ ಇರುವ ಈ ಎರಡು ತಿಂಗಳೊಳಗೆ ಬಂದರೆ ಅನುಕೂಲ. ಗೋರಂಟಿಯ ಆ ಚಿತ್ರವನ್ನು ಎರಡು ಊರಿನ ಹೆಸರುಗಳೊಡನೆ ಮತ್ತೆ ಹಾಕಿದ್ದೇವೆ, ಪಕ್ಕದಲ್ಲಿ ರಾಯದುರ್ಗದವರು ಕಳುಹಿಸಿದ ಮದರಂಗಿಯ ಚಿತ್ರವೂ ಇದೆ.